ಟ್ರಂಪ್ ಗೆಲ್ಲುವ ರಾಜ್ಯದಲ್ಲಿ ಡೆಮಾಕ್ರಟ್ ಗವರ್ನರ್ ಎರಡನೇ ಸಲ ಗೆದ್ದಿದ್ದು ಹೇಗೆ?

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿದ್ದಾರೆ. ಆ ರಾಜ್ಯದಲ್ಲಿ ಟ್ರಂಪ್ ಪ್ರತಿ ಸಲ ಭಾರಿ ಅಂತರದಿಂದ ಗೆಲ್ಲುತ್ತಾರೆ. ಆದರೆ ಗವರ್ನರ್ ಆಂಡಿ ಬೆಷಿಯರ್ ಡೆಮಾಕ್ರಟ್. 2023ರಲ್ಲಿ ಎರಡನೇ ಸಲವೂ ಅವರೇ ಗೆದ್ದರು. ‘ಕುರ್ಚಿಯಲ್ಲಿ ಇರುವವರಿಗೆ ಗೆಲ್ಲೋದು ಸುಲಭ, ಅಷ್ಟೇ’ ಅಂತಾರೆ ಅಳಿಯ. ನಮ್ಮ ಕರ್ನಾಟಕದಲ್ಲಿ ನೋಡಿದರೆ ಕುರ್ಚಿಯಲ್ಲಿ ಇದ್ದವರೇ ಸೋಲುತ್ತಾರೆ. ಹಾಗಾದರೆ ಕೆಂಟಕಿಯಲ್ಲಿ ಆಗಿದ್ದೇನು? ಅವರು ಮೂರನೇ ಸಲ ನಿಲ್ಲಬಹುದೇ?

ಉತ್ತರ: ಕುರ್ಚಿಯಲ್ಲಿ ಇರುವವರಿಗೆ ಅನುಕೂಲ ಇದೆ ಅನ್ನುವ ನಿಮ್ಮ ಅಳಿಯನ ಮಾತು ಅಮೆರಿಕದ ಮಟ್ಟಿಗೆ ಬಹುಪಾಲು ನಿಜ. 2022ರಲ್ಲಿ 36 ರಾಜ್ಯಗಳಲ್ಲಿ ಗವರ್ನರ್ ಚುನಾವಣೆ ನಡೆಯಿತು. ಅಧಿಕಾರದಲ್ಲಿದ್ದು ಮತ್ತೆ ನಿಂತು ಸೋತವರು ಒಬ್ಬರೇ, ನೆವಾಡಾದ ಸ್ಟೀವ್ ಸಿಸೊಲಾಕ್. 2018ರ ನವೆಂಬರ್‌ನಲ್ಲಿ ಸೋತವರು ಇಬ್ಬರು, ಇಲಿನಾಯ್‌ನ ಬ್ರೂಸ್ ರೌನರ್ ಮತ್ತು ವಿಸ್ಕಾನ್ಸಿನ್‌ನ ಸ್ಕಾಟ್ ವಾಕರ್. ಆದರೆ ಕೆಂಟಕಿಯ ವಿಷಯಕ್ಕೆ ಬಂದರೆ ಈ ಲೆಕ್ಕ ಕೈಕೊಡುತ್ತದೆ. ಅಲ್ಲಿ ಕುರ್ಚಿ ಯಾರನ್ನೂ ಸುಮ್ನೆ ಉಳಿಸಿಲ್ಲ.

ಮೊದಲು ಒಂದು ವಿಷಯ ತಿಳಿದಿರಲಿ. ಅಮೆರಿಕದ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. ಕೆಲಸದಲ್ಲಿ ಅವರು ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಶಾಸನಸಭೆಯಲ್ಲಿ ಬಹುಮತ ಇಲ್ಲದಿದ್ದರೂ ಅವರು ಪೂರ್ತಿ ನಾಲ್ಕು ವರ್ಷ ಮುಂದುವರಿಯಬಹುದು. ಬೆಷಿಯರ್ ಇಷ್ಟೂ ಕಾಲ ನಡೆಸಿದ್ದು ಇಂಥದೇ ಆಡಳಿತ. ಎರಡೂ ಸದನಗಳಲ್ಲಿ ಟ್ರಂಪ್ ಪಕ್ಷದ, ಅಂದರೆ ರಿಪಬ್ಲಿಕನ್ನರದೇ ಭಾರಿ ಬಹುಮತ. ಗವರ್ನರ್ ಒಂದು ಮಸೂದೆಯನ್ನು ತಿರಸ್ಕರಿಸಿದರೆ, ಅದನ್ನು ಮೀರಿ ಕಾನೂನು ಮಾಡಲು ಬಹುತೇಕ ರಾಜ್ಯಗಳಲ್ಲಿ ಸರಳ ಬಹುಮತ ಸಾಲುವುದಿಲ್ಲ, ಇನ್ನೂ ಜಾಸ್ತಿ ಮತ ಬೇಕು. ಕೆಂಟಕಿಯಲ್ಲಿ ಪ್ರತಿ ಸದನದ ಸದಸ್ಯರಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚಿದ್ದರೆ ಸಾಕು. ಹಾಗಾಗಿ ಅವರು ಬೇಡ ಎಂದ ಎಷ್ಟೋ ಮಸೂದೆಗಳು ಕಾನೂನಾಗಿ ಹೋದವು.

ಇನ್ನು ಹಿಂದಿನ ಲೆಕ್ಕ ನೋಡಿ. ಕೆಂಟಕಿಯಲ್ಲಿ ಗವರ್ನರ್ ಬೆನ್ನುಬೆನ್ನಿಗೆ ಎರಡು ಸಲ ಇರಲು ಅವಕಾಶ ಸಿಕ್ಕಿದ್ದೇ 1992ರ ಸಂವಿಧಾನ ತಿದ್ದುಪಡಿಯಿಂದ. ಆಮೇಲೆ ಮರುಆಯ್ಕೆ ಕೇಳಿ ನಿಂತವರು ಐದು ಜನ. 1999ರಲ್ಲಿ ಪಾಲ್ ಪ್ಯಾಟನ್ ಗೆದ್ದರು. 2007ರಲ್ಲಿ ಅರ್ನಿ ಫ್ಲೆಚರ್ ಸೋತರು. 2011ರಲ್ಲಿ ಸ್ಟೀವ್ ಬೆಷಿಯರ್ ಗೆದ್ದರು. ಇವರು ಈಗಿನ ಗವರ್ನರ ತಂದೆ. 2019ರಲ್ಲಿ ಮ್ಯಾಟ್ ಬೆವಿನ್ ಸೋತರು. 2023ರಲ್ಲಿ ಆಂಡಿ ಗೆದ್ದರು. ಗೆದ್ದ ಮೂವರೂ ಡೆಮಾಕ್ರಟ್‌ಗಳು, ಸೋತ ಇಬ್ಬರೂ ರಿಪಬ್ಲಿಕನ್ನರು. ಅದೂ ವರ್ಷದಿಂದ ವರ್ಷಕ್ಕೆ ರಿಪಬ್ಲಿಕನ್ ಕಡೆಗೇ ವಾಲುತ್ತಿದ್ದ ರಾಜ್ಯದಲ್ಲಿ! ಪಕ್ಷದ ಗಾಳಿಯಿಂದಲೇ ಫಲಿತಾಂಶ ನಿರ್ಧಾರ ಆಗುವುದಾದರೆ ಇದು ತಿರುಗುಮುರುಗು ಆಗಬೇಕಿತ್ತು ಅಲ್ವಾ? ಕುರ್ಚಿಯೇ ಗೆಲ್ಲಿಸುವುದಾದರೆ ಐವರೂ ಗೆಲ್ಲಬೇಕಿತ್ತು.

ಫ್ಲೆಚರ್ ಸೋಲಿಗೆ ಕಾರಣ ಹುಡುಕುವುದು ಕಷ್ಟವಿಲ್ಲ. ಅರ್ಹತೆ ನೋಡಿ ಕೊಡಬೇಕಾದ ಸರ್ಕಾರಿ ಕೆಲಸಗಳನ್ನು ಬೆಂಬಲಿಗರಿಗೆ ಹಂಚಿದರು ಎಂಬ ಆರೋಪದ ತನಿಖೆ ಅವರ ಆಡಳಿತವನ್ನು ತಿಂದುಹಾಕಿತು. ಬೆವಿನ್ ಸೋತ ಕಥೆಯನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 2023 ಅರ್ಥ ಆಗಬೇಕಾದರೆ 2019 ಗೊತ್ತಿರಬೇಕು.

ಬೆವಿನ್ 2015ರಲ್ಲಿ ತಮ್ಮ ಪಕ್ಷದ ಒಳಗಿನ ಚುನಾವಣೆ ಗೆದ್ದಿದ್ದು ಬರೀ 83 ಮತಗಳಿಂದ. ಆಮೇಲೆ ಗವರ್ನರ್ ಸ್ಥಾನಕ್ಕೆ ಆರಾಮಾಗಿ ಬಂದರು. ಅವರ ಎದುರು ದೊಡ್ಡ ಸಮಸ್ಯೆ ಇದ್ದದ್ದು ನಿಜ. ಶಿಕ್ಷಕರ, ಸರ್ಕಾರಿ ನೌಕರರ ಪಿಂಚಣಿ ನಿಧಿಯಲ್ಲಿ ದುಡ್ಡು ಸಾಲುತ್ತಿರಲಿಲ್ಲ. ಅದನ್ನು ಸರಿಪಡಿಸಲೇಬೇಕಿತ್ತು. ಆದರೆ ಸರಿಪಡಿಸಿದ ರೀತಿ ಹೇಗಿತ್ತು ನೋಡಿ. 2018ರ ಮಾರ್ಚ್ 29ರಂದು ಚರಂಡಿ ನೀರಿನ ವ್ಯವಸ್ಥೆಗೆ ಸಂಬಂಧಪಟ್ಟ ಒಂದು ಮಸೂದೆ ಶಾಸನಸಭೆಯಲ್ಲಿತ್ತು. ಅದರೊಳಗಿನ ವಿಷಯವನ್ನೆಲ್ಲ ತೆಗೆದು, ಆ ಜಾಗದಲ್ಲಿ ಪಿಂಚಣಿ ಬದಲಾವಣೆಯ ನೂರಾರು ಪುಟ ತುಂಬಿಸಿ, ಅದೇ ದಿನ ಎರಡೂ ಸದನಗಳಲ್ಲಿ ಪಾಸು ಮಾಡಿದರು. ಸಾರ್ವಜನಿಕರು ಓದುವುದಕ್ಕೂ ಸಮಯ ಸಿಗಲಿಲ್ಲ. ಮರುದಿನ ಹಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಿದ್ದ ಹಾಗೆ) ಶಾಲೆಗಳೇ ಮುಚ್ಚಿದವು. ಶಿಕ್ಷಕರು ಒಟ್ಟಿಗೇ ರಜೆ ಹಾಕಿದ್ದರು. ಜನ ಆ ಕಾನೂನನ್ನು ಚರಂಡಿ ಮಸೂದೆ ಅಂತಲೇ ಕರೆದರು.

ಆಗ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ ಆಗಿದ್ದವರು ಆಂಡಿ ಬೆಷಿಯರ್. ಅಲ್ಲಿ ಆ ಹುದ್ದೆಗೂ ಚುನಾವಣೆ ನಡೆಯುತ್ತದೆ. ಅವರು ಕೋರ್ಟಿಗೆ ಹೋದರು. ಮಸೂದೆಯನ್ನು ಮೂರು ಬೇರೆ ಬೇರೆ ದಿನ ಓದಬೇಕು ಎಂಬ ನಿಯಮ ಮುರಿದಿದ್ದಾರೆ ಎಂದು ಹೇಳಿ ರಾಜ್ಯದ ಸುಪ್ರೀಂ ಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು. ಅಷ್ಟರಲ್ಲಿ ಬೆವಿನ್ ಬಾಯಿಂದ ಆಗಬೇಕಾದ ಹಾನಿ ಆಗಿಹೋಗಿತ್ತು. ಶಿಕ್ಷಕರು ಶಾಲೆ ಬಿಟ್ಟು ಪ್ರತಿಭಟನೆಗೆ ಹೋದ ದಿನ, ಮನೆಯಲ್ಲಿ ಒಂಟಿಯಾಗಿ ಉಳಿದ ಯಾವುದೋ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಖಂಡಿತ ಆಗಿರುತ್ತದೆ ಎಂದು ಅವರು ಕ್ಯಾಮೆರಾ ಮುಂದೆಯೇ ಹೇಳಿಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಆದರೆ ಅಲ್ಲಿನ ಸಣ್ಣ ಊರುಗಳಲ್ಲಿ ಶಿಕ್ಷಕಿ ಅಂದರೆ ಯಾರದೋ ಅಕ್ಕ, ಯಾರದೋ ಸೊಸೆ. ಶಾಲೆಯೇ ಊರಿನ ದೊಡ್ಡ ಉದ್ಯೋಗದಾತ. ಆ ಮಾತನ್ನು ರಿಪಬ್ಲಿಕನ್ ಮನೆಗಳೂ ಮರೆಯಲಿಲ್ಲ. ಬೆಷಿಯರ್ ತಮ್ಮ ಜೊತೆ ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಹುದ್ದೆಗೆ ಜಾಕ್ವೆಲಿನ್ ಕೋಲ್ಮನ್ ಎಂಬ ಶಿಕ್ಷಕಿಯನ್ನೇ ಆರಿಸಿಕೊಂಡರು.

2019ರ ಮತದಾನದ ಹಿಂದಿನ ರಾತ್ರಿ ಟ್ರಂಪ್ ಸ್ವತಃ ಲೆಕ್ಸಿಂಗ್ಟನ್‌ಗೆ ಬಂದು ಬೆವಿನ್ ಪರ ದೊಡ್ಡ ಸಭೆ ಮಾಡಿದರು. ಆದರೂ ಬೆಷಿಯರ್ 5,136 ಮತಗಳಿಂದ ಗೆದ್ದರು. ಒಟ್ಟು 14 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಇಷ್ಟೇ ಅಂತರ. ಲಿಬರ್ಟೇರಿಯನ್ ಎಂಬ ಸಣ್ಣ ಮೂರನೇ ಪಕ್ಷದ ಅಭ್ಯರ್ಥಿಯೇ ಇದರ ಐದು ಪಟ್ಟು ಮತ ಪಡೆದಿದ್ದರು. ಅದೇ ದಿನ ರಾಜ್ಯಮಟ್ಟದ ಉಳಿದ ಐದೂ ಹುದ್ದೆಗಳನ್ನು ರಿಪಬ್ಲಿಕನ್ನರು ಗೆದ್ದರು. ಅಂದರೆ ಆ ದಿನ ಸೋತಿದ್ದು ಬೆವಿನ್ ಒಬ್ಬರೇ, ಅವರ ಪಕ್ಷ ಅಲ್ಲ.

ಬೆಷಿಯರ್‌ಗೆ ಈ ಪಾಠ ಚೆನ್ನಾಗಿ ಗೊತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಗೆದ್ದ ಮರುದಿನದಿಂದಲೇ ಅವರು ಬದುಕಬೇಕಿದ್ದದ್ದು ತಮ್ಮ ಪಕ್ಷಕ್ಕೆ ಎಂದೂ ಮತ ಹಾಕದ ಜನರ ನಡುವೆ.

ಕುರ್ಚಿಗೆ ಬಂದು ಮೂರು ತಿಂಗಳಿಗೆ ಕೋವಿಡ್ ಬಂತು. ದಿನಾ ಸಂಜೆ 5 ಗಂಟೆಗೆ ಟಿ.ವಿ.ಯಲ್ಲಿ ಬಂದು ಕೂರುತ್ತಿದ್ದರು. ಎಷ್ಟು ಜನಕ್ಕೆ ಬಂದಿದೆ, ಎಷ್ಟು ಜನ ಹೋದರು, ನಾಳೆ ಏನು ಮಾಡಬೇಕು ಎಂದು ಸಮಾಧಾನದಿಂದ ಹೇಳುತ್ತಿದ್ದರು. ಎಲ್ಲರೂ ಒಪ್ಪಲಿಲ್ಲ. ಚರ್ಚ್‌ಗಳ ಮೇಲಿನ ನಿರ್ಬಂಧಕ್ಕೆ ದೊಡ್ಡ ವಿರೋಧ ಬಂತು. ಅವರ ತುರ್ತು ಆದೇಶಗಳ ವಿರುದ್ಧ ಕೋರ್ಟಿನಲ್ಲಿ ಹೋರಾಡಿದವರು ಹೊಸ ಅಟಾರ್ನಿ ಜನರಲ್ ಡೇನಿಯಲ್ ಕ್ಯಾಮೆರಾನ್. 2021ರಲ್ಲಿ ಶಾಸನಸಭೆ ಗವರ್ನರರ ತುರ್ತು ಅಧಿಕಾರವನ್ನೇ ಕಡಿತ ಮಾಡಿತು. ಆ ಜಗಳದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಾಸನಸಭೆಯ ಕಡೆಗೇ ನಿಂತಿತು. ಕಾನೂನಿನ ಲೆಕ್ಕದಲ್ಲಿ ಬೆಷಿಯರ್ ಸೋತರು. ಆದರೆ ಅವರ ಮುಖ, ಧ್ವನಿ ಎರಡೂ ಪ್ರತಿ ಮನೆಗೂ ಪರಿಚಯವಾಗಿತ್ತು.

2021ರ ಡಿಸೆಂಬರ್ 10ರ ರಾತ್ರಿ ಪಶ್ಚಿಮ ಕೆಂಟಕಿಯ ಮೇಲೆ ಸುಂಟರಗಾಳಿ ಬಡಿಯಿತು. ಮೇಫೀಲ್ಡ್ ಊರಿನ ನಡುಭಾಗವೇ ನೆಲಸಮ. ಅಲ್ಲಿನ ಮೇಣದಬತ್ತಿ ಕಾರ್ಖಾನೆ ಕುಸಿದು ರಾತ್ರಿ ಪಾಳಿಯಲ್ಲಿದ್ದವರು ಸತ್ತರು. ಬೆಷಿಯರ್ ತಂದೆಯ ಹುಟ್ಟೂರು ಡಾಸನ್ ಸ್ಪ್ರಿಂಗ್ಸ್ ಕೂಡ ಹಾಳಾಯಿತು. ಮೂರು ದಿನದ ಮೇಲೆ ನಡೆದ ಪತ್ರಿಕಾಗೋಷ್ಠಿಯಲ್ಲಿ ಅವರು ಸತ್ತವರ ವಯಸ್ಸು ಹೇಳುತ್ತಾ ಹೇಳುತ್ತಾ ಗದ್ಗದರಾದರು. ಕೈಯಲ್ಲಿದ್ದದ್ದು ಮನೆಯಲ್ಲಿ ಮಗು ಶಾಲೆಯ ಪಾಠ ಬರೆದುಕೊಂಡಿದ್ದ ಹಾಳೆ. ಅದರ ಹಿಂಬದಿಯಲ್ಲಿ ಇವರು ಲೆಕ್ಕ ಗುರುತು ಹಾಕಿಕೊಂಡಿದ್ದರು. ಮುಂದಿನ ಬದಿಯಲ್ಲಿ ವಿಜ್ಞಾನದ ಪಾಠ, ಚಲಿಸುತ್ತಿರುವ ವಸ್ತು ಚಲಿಸುತ್ತಲೇ ಇರುತ್ತದೆ ಎಂಬ ನಿಯಮ. ಅದನ್ನೇ ಓದಿ ಹೇಳಿ, ನಾವೂ ಒಂದೊಂದೇ ಹೆಜ್ಜೆ ಇಡುತ್ತಾ ಹೋಗೋಣ ಎಂದರು. ಇಂಥದ್ದನ್ನು ಪ್ರಚಾರ ತಂಡ ಕೂತು ಬರೆದುಕೊಡಲು ಆಗುವುದಿಲ್ಲ.

ಎಂಟು ತಿಂಗಳೂ ಕಳೆದಿರಲಿಲ್ಲ, 2022ರ ಜುಲೈನಲ್ಲಿ ಪೂರ್ವ ಕೆಂಟಕಿಯ ಗುಡ್ಡಗಾಡಿನಲ್ಲಿ ಪ್ರವಾಹ ಬಂತು. ಕಣಿವೆಯ ತಳದಲ್ಲಿ ಹಳ್ಳದ ಪಕ್ಕ ಸಾಲಾಗಿ ಕಟ್ಟಿದ ಮನೆಗಳು ರಾತ್ರೋರಾತ್ರಿ ಕೊಚ್ಚಿಹೋದವು. ಬೆಷಿಯರ್ ಅಲ್ಲಿಗೆ ಪದೇ ಪದೇ ಹೋದರು. ಬರೀ ಪರಿಹಾರದ ಚೆಕ್ ಕೊಟ್ಟು ಬರಲಿಲ್ಲ. ಇನ್ನೊಮ್ಮೆ ನೀರು ಬಂದರೂ ಮುಳುಗದ ಹಾಗೆ ಎತ್ತರದ ಜಾಗಗಳಲ್ಲಿ ಹೊಸ ಬಡಾವಣೆ ಕಟ್ಟುವ ಯೋಜನೆ ಹಾಕಿದರು. ಕೆಲವು ಜಾಗಗಳು ಹಿಂದೆ ಕಲ್ಲಿದ್ದಲು ತೆಗೆದು ಬಿಟ್ಟಿದ್ದ ಗುಡ್ಡದ ಮೇಲಿನವು. 2023ರಲ್ಲಿ ಲೆಚರ್, ಪೆರ್ರಿ ಕೌಂಟಿಗಳು ಅವರಿಗೆ ಮತ ಕೊಟ್ಟವು. ಎರಡೂ ಕಡೆ ಟ್ರಂಪ್‌ಗೆ ಬೀಳುವ ಮತ ನೋಡಿದರೆ ಇದು ಎಂಥ ಸಂಗತಿ ಎಂದು ಗೊತ್ತಾಗುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಮೇಫೀಲ್ಡ್ ಇರುವ ಗ್ರೇವ್ಸ್ ಕೌಂಟಿಯಲ್ಲೂ ಅವರು ಅಷ್ಟೇ ಓಡಾಡಿದ್ದರು. ಅದು ಮಾತ್ರ ಕ್ಯಾಮೆರಾನ್ ಕಡೆಗೇ ಹೋಯಿತು. ನೆರವು ಕೊಟ್ಟ ಕಡೆಯೆಲ್ಲ ಮತ ಬಂತು ಎಂದು ಹೇಳಲು ಬರುವುದಿಲ್ಲ. ಪೂರ್ವದ ಗಣಿ ಕೌಂಟಿಗಳಲ್ಲಿ ಕಾರ್ಮಿಕ ಸಂಘದ ಕಾಲದಿಂದ ಬಂದ ಹಳೇ ಡೆಮಾಕ್ರಟ್ ಕುಟುಂಬಗಳು ಇನ್ನೂ ಇವೆ. ಅವರು ವಾಷಿಂಗ್ಟನ್‌ನ ಡೆಮಾಕ್ರಟ್‌ಗಳನ್ನು ಬಿಟ್ಟು ಎಷ್ಟೋ ವರ್ಷ ಆಯಿತು, ಆದರೆ ಸ್ಥಳೀಯ ಡೆಮಾಕ್ರಟ್‌ಗೆ ಮತ ಹಾಕುವ ರೂಢಿ ಪೂರ್ತಿ ಹೋಗಿಲ್ಲ. ಅಲ್ಲಿ ಬೆಷಿಯರ್ ಮಾಡಿದ ಕೆಲಸಕ್ಕೆ ಹಿಡಿದುಕೊಳ್ಳಲು ಒಂದು ಹಳೇ ಬೇರು ಇತ್ತು.

ಇನ್ನು 2023ರ ಸ್ಪರ್ಧೆ. ಎದುರಿಗೆ ನಿಂತವರು ಅದೇ ಡೇನಿಯಲ್ ಕ್ಯಾಮೆರಾನ್. ಹಿಂದೆ ಸೆನೆಟರ್ ಮಿಚ್ ಮೆಕಾನಲ್ ಅವರ ಬಳಿ ಕಾನೂನು ಸಲಹೆಗಾರರಾಗಿದ್ದವರು. ಆ ರಾಜ್ಯದ ಮೊದಲ ಕಪ್ಪುವರ್ಣೀಯ ಅಟಾರ್ನಿ ಜನರಲ್. ಟ್ರಂಪ್ ಬೆಂಬಲ ಒಂದು ವರ್ಷ ಮೊದಲೇ ಸಿಕ್ಕಿತ್ತು. ಕಾಗದದ ಮೇಲೆ ಬಲವಾದ ಅಭ್ಯರ್ಥಿ. ಆದರೆ ಪಕ್ಷದೊಳಗಿನ ಚುನಾವಣೆಯಲ್ಲಿ ಮಾಜಿ ರಾಯಭಾರಿ ಕೆಲ್ಲಿ ಕ್ರಾಫ್ಟ್ ಜೊತೆ ಜಾಹೀರಾತುಗಳ ಜಗಳ ಜೋರಾಗಿಯೇ ನಡೆಯಿತು. ಮೇ ತಿಂಗಳಲ್ಲಿ ಗೆದ್ದು ಹೊರಬರುವಾಗ ಅವರ ಕೈ ಬರಿದಾಗಿತ್ತು. ಬೆಷಿಯರ್‌ಗೆ ಪಕ್ಷದೊಳಗೆ ಹೇಳಿಕೊಳ್ಳುವಂಥ ಪೈಪೋಟಿಯೇ ಇರಲಿಲ್ಲ. ಕೂಡಿಟ್ಟ ಹಣದಲ್ಲಿ ಬೇಸಿಗೆ ಪೂರ್ತಿ ಜಾಹೀರಾತು ಹಾಕಿದರು. ನಿಮ್ಮ ಅಳಿಯ ಹೇಳುವ ಕುರ್ಚಿಯ ಅನುಕೂಲ ನಿಜವಾಗಿ ಕೆಲಸ ಮಾಡಿದ್ದು ಇಲ್ಲೇ. ಹಣ, ಸಮಯ, ಜೊತೆಗೆ ಉದ್ಘಾಟನೆಗಳು. ಹಾರ್ಡಿನ್ ಕೌಂಟಿಯ ಗ್ಲೆಂಡೇಲ್‌ನಲ್ಲಿ ಫೋರ್ಡ್ ಮತ್ತು ಕೊರಿಯಾದ ಎಸ್‌ಕೆ ಕಂಪನಿ 580 ಕೋಟಿ ಡಾಲರ್‌ನ ಬ್ಯಾಟರಿ ಕಾರ್ಖಾನೆ ಘೋಷಿಸಿದ್ದವು. ಅದು ಕ್ಯಾಮೆರಾನ್ ಬೆಳೆದ ಕೌಂಟಿ. ಸಿನ್ಸಿನಾಟಿ ಕಡೆಗೆ ಹೋಗುವ ಹಳೇ ಬ್ರೆಂಟ್ ಸ್ಪೆನ್ಸ್ ಸೇತುವೆಯ ಕೆಲಸಕ್ಕೆ ಕೇಂದ್ರದಿಂದ ದೊಡ್ಡ ಹಣ ಬಂದಿತ್ತು. ಶಾಲಾ ಸಿಬ್ಬಂದಿಗೆ ಶೇ. 11 ಸಂಬಳ ಏರಿಕೆ ಎಂದು ಬೆಷಿಯರ್ ಮಾತು ಕೊಟ್ಟರು.

ಕ್ಯಾಮೆರಾನ್ ಪ್ರಚಾರದ ಸಾರ ಒಂದೇ: ಬೆಷಿಯರ್ ಅಂದರೆ ಬೈಡನ್. ಬೆಷಿಯರ್ ಬೈಡನ್ ಹೆಸರನ್ನು ಬಾಯಿಗೆ ತರುವುದೇ ಅಪರೂಪವಾಗಿತ್ತು. ರಸ್ತೆ, ನೀರು, ಶಾಲೆ, ಕೆಲಸ ಎಂದಷ್ಟೇ ಮಾತಾಡಿದರು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರು ಹಿಂಜರಿಯಲಿಲ್ಲ, ಅದು ಗರ್ಭಪಾತ.

ಗರ್ಭಪಾತ ಸಂವಿಧಾನದ ಹಕ್ಕಲ್ಲ ಎಂದು 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕೆಂಟಕಿಯಲ್ಲಿ ಗರ್ಭಪಾತ ಬಹುತೇಕ ಪೂರ್ತಿ ನಿಷೇಧವಾಯಿತು. ಅತ್ಯಾಚಾರವಾದರೂ, ಮನೆಯವರಿಂದಲೇ ಆದರೂ ವಿನಾಯಿತಿ ಇಲ್ಲ. ಅದೇ ನವೆಂಬರ್‌ನಲ್ಲಿ ರಾಜ್ಯದ ಸಂವಿಧಾನದಲ್ಲಿ ಗರ್ಭಪಾತದ ಹಕ್ಕು ಇಲ್ಲ ಎಂದು ಬರೆಯುವ ತಿದ್ದುಪಡಿ ಜನರ ಮುಂದೆ ಬಂತು. ಸುಮಾರು ಶೇ. 52 ಜನ ಬೇಡ ಎಂದರು. ಕೆಂಟಕಿಯಂಥ ಧಾರ್ಮಿಕ ರಾಜ್ಯದಲ್ಲಿ! ಮರುವರ್ಷ ಬೆಷಿಯರ್ ಒಂದು ಜಾಹೀರಾತು ಹಾಕಿದರು. ಅದರಲ್ಲಿ ಒಬ್ಬ ಯುವತಿ ನೇರ ಕ್ಯಾಮೆರಾ ನೋಡಿ, 12 ವರ್ಷ ಇದ್ದಾಗ ಮಲತಂದೆಯೇ ತನ್ನ ಮೇಲೆ ಅತ್ಯಾಚಾರ ಮಾಡಿದ್ದನ್ನು ಹೇಳುತ್ತಾಳೆ. ಅಂಥ ಮಗು ತನ್ನ ಅತ್ಯಾಚಾರಿಯ ಮಗುವನ್ನು ಹೊರಬೇಕು ಎಂದು ಹೇಳುವವರಿಗೆ ಆ ನೋವು ಅರ್ಥವಾಗುವುದಿಲ್ಲ ಎನ್ನುತ್ತಾಳೆ. ಸಂಗೀತದ ಅಬ್ಬರ ಇಲ್ಲ, ಕಿರುಚಾಟ ಇಲ್ಲ. ಆ ಹೊತ್ತಿಗೆ, ವಿನಾಯಿತಿ ಕೊಡುವ ಮಸೂದೆ ಬಂದರೆ ಸಹಿ ಹಾಕುತ್ತೇನೆ ಎಂದು ಕ್ಯಾಮೆರಾನ್ ಹೇಳಬೇಕಾಗಿ ಬಂತು. ಅಲ್ಲಿಯವರೆಗೆ ಆ ಕಾನೂನನ್ನು ಇದ್ದ ಹಾಗೇ ಸಮರ್ಥಿಸಿಕೊಂಡು ಬಂದವರು ಅವರು. ಅವರ ಮಾತನ್ನು ಎರಡೂ ಕಡೆಯವರು ನಂಬದ ಸ್ಥಿತಿ ಬಂತು.

ಫಲಿತಾಂಶ ಬಂದಾಗ ಬೆಷಿಯರ್‌ಗೆ ಶೇ. 52.5, ಕ್ಯಾಮೆರಾನ್‌ಗೆ ಶೇ. 47.5. ಅಂತರ ಸುಮಾರು 67,000 ಮತ. ಇಲ್ಲಿ ಒಂದು ಅಂಕಿಯನ್ನು ಹತ್ತಿರದಿಂದ ನೋಡಿ. 2019ರಲ್ಲಿ ಬೆಷಿಯರ್ ಪಡೆದದ್ದು ಸುಮಾರು 7.10 ಲಕ್ಷ ಮತ. 2023ರಲ್ಲಿ ಸುಮಾರು 6.94 ಲಕ್ಷ. ಅವರ ಮತ ಕಡಿಮೆಯಾಗಿದೆ! ಆದರೂ ಅಂತರ ಹತ್ತು ಪಟ್ಟಿಗೂ ಹೆಚ್ಚಾಯಿತು. ಯಾಕೆಂದರೆ ರಿಪಬ್ಲಿಕನ್ ಮತ 7.05 ಲಕ್ಷದಿಂದ 6.27 ಲಕ್ಷಕ್ಕೆ ಇಳಿಯಿತು. ‘ಜನ ಅಲೆಯಂತೆ ಬಂದು ಬೆಷಿಯರ್‌ಗೆ ಮತ ಹಾಕಿದರು’ ಎಂಬ ಮಾತು ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಅವರ ಮೇಲೆ ಸಿಟ್ಟಿಲ್ಲದ ರಿಪಬ್ಲಿಕನ್ನರಲ್ಲಿ ಕೆಲವರು ಅವರಿಗೇ ಹಾಕಿದರು, ಇನ್ನೂ ಎಷ್ಟೋ ಜನ ಮನೆಯಲ್ಲೇ ಉಳಿದರು. ಹೋಗಿ ಸೋಲಿಸಲೇಬೇಕು ಅನ್ನಿಸುವಷ್ಟು ಕೋಪ ಹುಟ್ಟಿಸದೆ ಇರುವುದು ಅಧಿಕಾರದಲ್ಲಿದ್ದವರ ದೊಡ್ಡ ಸಾಧನೆ. ಬೆವಿನ್‌ಗೆ ಸಾಧ್ಯವಾಗದ್ದು ಅದೇ. ಅದರ ಜೊತೆಗೆ ಲೂಯಿವಿಲ್ ಇರುವ ಜೆಫರ್ಸನ್ ಕೌಂಟಿ, ಲೆಕ್ಸಿಂಗ್ಟನ್ ಇರುವ ಫಯೆಟ್ ಕೌಂಟಿ ಎರಡೂ ಬೆಷಿಯರ್‌ಗೆ ಶೇ. 70ರ ಆಸುಪಾಸಿನಲ್ಲಿ ಮತ ಕೊಟ್ಟವು. ನಿಮ್ಮ ಮಗಳ ಊರಿನ ಅಕ್ಕಪಕ್ಕದವರೇ ಈ ಗೆಲುವಿನ ಬುನಾದಿ.

ಅದೇ ಮತಪತ್ರದಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ನಿಂತ ರಿಪಬ್ಲಿಕನ್ ರಸೆಲ್ ಕೋಲ್ಮನ್ ಶೇ. 58ರ ಹತ್ತಿರ ಮತ ಪಡೆದು ಗೆದ್ದರು. ಕ್ಯಾಮೆರಾನ್‌ಗೆ ಶೇ. 47.5. ಅಂದರೆ ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರು ಗವರ್ನರ್ ಸಾಲಿನಲ್ಲಿ ಡೆಮಾಕ್ರಟ್, ಅದೇ ಪತ್ರದ ಬೇರೆ ಸಾಲಿನಲ್ಲಿ ರಿಪಬ್ಲಿಕನ್ ಎಂದು ಗುರುತು ಹಾಕಿದ್ದಾರೆ. ಕೆಂಟಕಿಯಲ್ಲಿ ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಮತ ಹಾಕುವ ಅವಕಾಶ ಈಗಲೂ ಇದೆ. ಅದನ್ನು ಬಿಟ್ಟು ಒಂದೊಂದೇ ಹೆಸರು ನೋಡಿ ಆರಿಸಿದವರು ಇವರು. ನನಗೆ ಈ ಮತದಾರರ ಮೇಲೆ ತುಂಬಾ ಗೌರವ ಇದೆ.

ನಮ್ಮಲ್ಲೂ ಹೀಗಾಗಿದೆ. 1984ರ ಡಿಸೆಂಬರ್‌ನ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಸ್ಥಾನ ಕಾಂಗ್ರೆಸ್‌ಗೆ ಹೋದವು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸದಾಗಿ ಜನಾದೇಶ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು. ಆದರೆ ನೀವು ಹೇಳಿದ ಹಾಗೆ, ಅಲ್ಲಿಂದ ಈಚೆಗೆ ಆಳುವ ಪಕ್ಷ ಇಲ್ಲಿ ಗೆದ್ದು ಮರಳಿದ್ದಿಲ್ಲ. ಇಲ್ಲಿ ಮುಖ್ಯಮಂತ್ರಿಯನ್ನು ಆರಿಸಲು 224 ಶಾಸಕರ ಮೂಲಕ ಹೋಗಬೇಕು. ಶಾಸಕನ ಮೇಲಿನ ಸಿಟ್ಟು ಮುಖ್ಯಮಂತ್ರಿಯ ತಲೆಗೂ ಬರುತ್ತದೆ. ಕೆಂಟಕಿಯಲ್ಲಿ ಗವರ್ನರ್ ಹೆಸರಿನ ಮುಂದೆ ನೇರ ಗುರುತು ಹಾಕಬಹುದು. ಅದಲ್ಲದೆ ಅವರ ಚುನಾವಣೆ ಬರುವುದು ಅಧ್ಯಕ್ಷರ ಚುನಾವಣೆಗೆ ಒಂದು ವರ್ಷ ಮೊದಲು. ಆ ವರ್ಷ ಮತಪತ್ರದಲ್ಲಿ ಟ್ರಂಪ್ ಹೆಸರೂ ಇಲ್ಲ, ಬೈಡನ್ ಹೆಸರೂ ಇಲ್ಲ. 2023ರಲ್ಲಿ ಟ್ರಂಪ್ ಕೊನೇ ಗಳಿಗೆಯಲ್ಲಿ ಫೋನ್ ಮೂಲಕ ಸಭೆ ಮಾಡಿದರು, ಸ್ವತಃ ಬರಲಿಲ್ಲ. ಅಧ್ಯಕ್ಷರ ಚುನಾವಣೆಯ ದಿನವೇ ಈ ಸ್ಪರ್ಧೆಯೂ ನಡೆದಿದ್ದರೆ ಬೆಷಿಯರ್ ಗೆಲ್ಲುತ್ತಿದ್ದರು ಎಂದು ನಾನು ಧೈರ್ಯವಾಗಿ ಹೇಳಲಾರೆ. ಮರುವರ್ಷ, 2024ರ ನವೆಂಬರ್‌ನಲ್ಲಿ, ಅದೇ ಕೆಂಟಕಿಯಲ್ಲಿ ಟ್ರಂಪ್ ಸುಮಾರು 30 ಶೇಕಡಾ ಅಂಶಗಳ ಅಂತರದಿಂದ ಗೆದ್ದರು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲ, ಬೆಷಿಯರ್ ಮೂರನೇ ಸಲ ನಿಲ್ಲುವಂತಿಲ್ಲ. ಬೆನ್ನುಬೆನ್ನಿಗೆ ಎರಡು ಸಲ ಇದ್ದವರು ನಡುವೆ ಒಂದು ಅವಧಿ ಬಿಟ್ಟು ಮತ್ತೆ ಬರಬಹುದು, ಅಷ್ಟೇ. 2027ರ ನವೆಂಬರ್‌ನಲ್ಲಿ ಆ ಸ್ಥಾನ ಖಾಲಿ. ಆಗ ಡೆಮಾಕ್ರಟ್ ಅಭ್ಯರ್ಥಿಯ ಹೆಸರು ಬೇರೆ ಇರುತ್ತದೆ. ನಿಮ್ಮ ಅಳಿಯನಿಗೆ ಹೇಳಿ, ಆ ರಾತ್ರಿ ಲೂಯಿವಿಲ್ ಲೆಕ್ಕ ಬಿಟ್ಟು ಲೆಚರ್ ಮತ್ತು ಪೆರ್ರಿ ಕೌಂಟಿಗಳ ಲೆಕ್ಕ ನೋಡಲಿ. ಅಲ್ಲಿನ ಮತ ಉಳಿದರೆ ಪಕ್ಷಕ್ಕೆ ಏನೋ ಮರಳಿ ಸಿಕ್ಕಿದೆ ಎಂದು ಅರ್ಥ. ಹೋದರೆ, ಆ ಜನ 2023ರಲ್ಲಿ ಮತ ಹಾಕಿದ್ದು ಆಂಡಿ ಬೆಷಿಯರ್ ಎಂಬ ಒಬ್ಬ ಮನುಷ್ಯನಿಗೆ. ಎರಡನೆಯದೇ ನಿಜವಾಗುವ ಸಾಧ್ಯತೆ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ.